ಐದು ಸ್ಪೇಸಿನ ಹೆಬ್ಬೆರಳು

ಹನುಮಂತನಗರದ ಚೂಡಾಮಣಿಗೆ ಒಂದು ಚಾಳಿ. ಎದುರಿಗಿರೋ ವಸ್ತು ತಾನಾಗಿ ಅಲ್ಲಾಡಿತು ಅಂದರೆ, ಯಾಕೆ ಅಲ್ಲಾಡಿತು ಅಂತ ತಿಳಿಯೋವರೆಗೂ ಆಕೆಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ತಾನಾಗಿ ಬಡಿದುಕೊಳ್ಳೋ ಕರೆಂಟಿನ ನಗಾರಿ ಬಂದಾಗ, ಮಂಗಳಾರತಿಗೆ ಊರೆಲ್ಲ ಕಣ್ಣು ಮುಚ್ಚಿ ನಿಂತಿದ್ದರೆ ಈಕೆ ನಗಾರಿಯ ಹಿಂದೆ ಬಗ್ಗಿ ಮೋಟರು ನೋಡ್ತಾ ಇದ್ದಳು. ತೀರ್ಥ ತಪ್ಪಿತು, ಆದರೆ ಬೆಲ್ಟು ಎಲ್ಲಿ ಸುತ್ತುತ್ತೆ ಅಂತ ಗೊತ್ತಾಯ್ತು. ಇಂಥವಳ ಮುಂದೆ, ಕಂಪ್ಯೂಟರ್ ಪರದೆಯಲ್ಲಿ ಮಿನುಗೋ ಗೀಟೊಂದು ಯಾರೂ ಮುಟ್ಟದೆ ಬಲಕ್ಕೆ ಸರಿದು ನಿಂತರೆ ಬಿಟ್ಟಾಳೆಯೇ?

ಹುಡುಗಿಯಾಗಿದ್ದಾಗ ಆಕೆ ಟೈಪಿಂಗ್ ಕಲಿತದ್ದು ಸಂಜೀವಯ್ಯನವರ ಇನ್‌ಸ್ಟಿಟ್ಯೂಟಿನಲ್ಲಿ. ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಕೋಡುಬಳೆ ಕರಿಯೋ ವಾಸನೆ, ಮೇಲೆ ಕಟಕಟ ಸದ್ದು. ಮೇಷ್ಟರದು ಎರಡೇ ಕಟ್ಟಳೆ. ಒಂದು, ಪ್ಯಾರಾ ಶುರುವಾಗೋ ಕಡೆ ಐದು ಸ್ಪೇಸ್, ಬಲಗೈ ಹೆಬ್ಬೆರಳಲ್ಲಿ. ಎರಡು, ಕಣ್ಣು ಪುಸ್ತಕದ ಮೇಲೇ ಇರಬೇಕು, ಟೈಪಾಗ್ತಿರೋ ಹಾಳೆಯ ಕಡೆ ಹೊರಳಬಾರದು. ಹೊರಳಿತೋ, ಸ್ಕೇಲಿನ ಏಟು. ಮುಂದೆ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಆಕೆಯೇ ಕಲಿಸೋಕೆ ನಿಂತಳು. ಕಲಿಯೋರು ಕಡಿಮೆಯಾದರು, ಮೇಷ್ಟರೂ ತೀರಿಕೊಂಡರು, ಮೆಷಿನ್ನುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಚೂಡಾಮಣಿ ಬನಶಂಕರಿಯ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಸಹಾಯಕಿಯಾಗಿ ಸೇರಿಕೊಂಡಳು. ಮಕ್ಕಳ ಗಲಾಟೆ, ಅವರು ಕೇಳದ ಪ್ರಶ್ನೆಗಳಿಲ್ಲ. ಆಕೆಗೆ ಅದೇ ಹಬ್ಬ.

ಈ ವರ್ಷ ಬಂದ ಹೊಸ ಪ್ರಿನ್ಸಿಪಾಲರು ಒಂದು ಮಾತು ಹೇಳಿಬಿಟ್ಟರು. ಇನ್ನು ಮಕ್ಕಳಿಗೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಹೇಳಿಕೊಡೋದು; ಲ್ಯಾಬಿನಲ್ಲಿ ಇರೋರು ಅದರ ಪರೀಕ್ಷೆ ಪಾಸು ಮಾಡಿರಬೇಕು, ಇಲ್ಲದಿದ್ದರೆ ಆಫೀಸಿಗೆ ಹೋಗಿ ಫೈಲು ನೋಡಿಕೊಂಡು ಇರಲಿ. ಸಂಬಳ ಅಷ್ಟೇ ಬರ್ತಿತ್ತು, ಆದರೂ ಚೂಡಾಮಣಿ ಒಪ್ಪಲಿಲ್ಲ. ಒಂದು ಸಲ ಮೆಷಿನ್ ಜೊತೆಗೆ ತನ್ನನ್ನೂ ಎಬ್ಬಿಸಿ ಕಳಿಸಿದ್ದಾರೆ. ಇನ್ನೊಂದು ಸಲ ಏಳೋದಿಲ್ಲ ಅಂತ ಹಟ ತೊಟ್ಟು ಪುಸ್ತಕ ತಂದಳು.

ಪೈಥಾನಿನ ಒಂದು ವಿಚಾರ ಆಕೆಗೆ ಬಹಳ ಹಿಡಿಸಿತು. ಮಾರ್ಕು ಇಷ್ಟಕ್ಕಿಂತ ಹೆಚ್ಚಿದ್ದರೆ ಅಂತ ಒಂದು ಸಾಲು ಬರೆದು ಕೊನೆಗೆ ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕಿ, ಇಡಬೇಕು. ಹಾಗಿದ್ದರೆ ಏನು ಮಾಡಬೇಕು ಅನ್ನೋದನ್ನ ಕೆಳಗಿನ ಸಾಲುಗಳಲ್ಲಿ ಒಂಚೂರು ಒಳಕ್ಕೆ ತಳ್ಳಿ ಬರೆಯಬೇಕು. ಯಾವ ಸಾಲು ಯಾರ ಕೈಕೆಳಗೆ ಅನ್ನೋದು ಆ ಖಾಲಿ ಜಾಗದಿಂದಲೇ ಗೊತ್ತಾಗೋದು. ಖಾಲಿ ಜಾಗಕ್ಕೂ ಬೆಲೆ ಕೊಡೋ ಭಾಷೆ! ಸಂಜೀವಯ್ಯ ಮೇಷ್ಟರು ಇದ್ದಿದ್ದರೆ ಮೀಸೆ ತಿರುವುತ್ತಿದ್ದರು.

ಆದರೆ ಬರೆದದ್ದು ಒಂದೂ ಓಡಲೊಲ್ಲದು. ಪುಸ್ತಕ ನೋಡಿಕೊಂಡು ತಪ್ಪಿಲ್ಲದೆ ಟೈಪ್ ಮಾಡ್ತಾಳೆ, ತಲೆಯೆತ್ತಿ ನೋಡಿದರೆ ಸಾಲುಗಳೆಲ್ಲ ಗುಡ್ಡದ ಮೆಟ್ಟಿಲ ಹಾಗೆ ಬಲಕ್ಕೆ ಬಲಕ್ಕೆ ಹೋಗಿ ಕೂತಿರ್ತವೆ, ಕೆಳಗೆ ಕೆಂಪು ಅಕ್ಷರದ ಬೈಗುಳ.

ಭಾನುವಾರ ತಂಗಿಯ ಮಗಳು ಸಮನ್ವಿತಾ ಊಟಕ್ಕೆ ಬಂದಳು. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಕಂಪನಿಯಲ್ಲಿ ಕೋಡ್ ಬರೆಯೋ ಹುಡುಗಿ. ದೊಡ್ಡಮ್ಮನ ಹುಳಿಗಾಗಿ ಎರಡು ಬಸ್ಸು ಬದಲಾಯಿಸಿ ಬರ್ತಾಳೆ. ದೊಡ್ಡಮ್ಮ ಟೈಪ್ ಮಾಡೋದನ್ನ ಹಿಂದೆ ನಿಂತು ನೋಡಿದವಳಿಗೆ ನಗು ತಡೆಯಲಾಗಲಿಲ್ಲ.

"ದೊಡ್ಡಮ್ಮ, ಎಂಟರ್ ಒತ್ತಿದ ಮೇಲೆ ಹೆಬ್ಬೆರಳಲ್ಲಿ ಏನ್ ಮಾಡ್ತಿದೀರ?"

"ಐದು ಸ್ಪೇಸ್ ಕಣೇ. ಒಳಗೆ ಹೋಗ್ಬೇಕಲ್ಲ."

"ನೀವು ಬರೀತಿರೋ ಈ ಎಡಿಟರ್ ತಾನಾಗಿ ಆಗ್ಲೇ ನಾಲ್ಕು ಹಾಕಿದೆ. ನೀವು ಅದ್ರ ಮೇಲೆ ಐದು ಹಾಕ್ತೀರ. ಮುಂದಿನ ಸಾಲಿಗೆ ಅದು ಒಂಬತ್ತನ್ನೂ ಉಳಿಸ್ಕೊಳ್ಳುತ್ತೆ, ನೀವು ಮತ್ತೆ ಐದು ಸೇರಿಸ್ತೀರ. ಪರದೆ ನೋಡ್ಬಾರ್ದಾ?"

"ನೋಡಿದ್ರೆ ಸ್ಕೇಲಲ್ಲಿ ಬೀಳ್ತಿತ್ತು ಸಮು," ಅಂದಳು ಚೂಡಾಮಣಿ.

ಊಟಕ್ಕೆ ಕೂತರೂ ತಟ್ಟೆಯಲ್ಲಿ ಹುಳಿ ಅನ್ನ ಆರಿತು. ಚೂಡಾಮಣಿ ಎಡಗೈಯಲ್ಲೇ ಒತ್ತಿ ಒತ್ತಿ ನೋಡಿದಳು. ಕೋಲನ್ ಇಟ್ಟು ಎಂಟರ್ ಒತ್ತಿದರೆ ಗೀಟು ಒಳಕ್ಕೆ. ಕೋಲನ್ ಇಲ್ಲದಿದ್ದರೆ ಇದ್ದಲ್ಲೇ. ರಿಟರ್ನ್ ಅಂತ ಬರೆದು ಎಂಟರ್ ಒತ್ತಿದರೆ, ಅರೆ, ಒಂದು ಹೆಜ್ಜೆ ಹೊರಕ್ಕೆ!

"ಇದಕ್ಕೆ ಓದಕ್ಕೆ ಬರುತ್ತೇನೆ?"

"ಓದೋದೂ ಇಲ್ಲ ಏನೂ ಇಲ್ಲ. ಹಿಂದಿನ ಸಾಲು ಹೆಂಗ್ ಮುಗೀತು ಅಂತ ನೋಡುತ್ತೆ, ಅಷ್ಟೆ."

ಚೂಡಾಮಣಿಗೆ ನಗಾರಿಯ ಬೆಲ್ಟು ಕಂಡಷ್ಟು ಖುಷಿಯಾಯ್ತು. ಸಮನ್ವಿತಾ ಇನ್ನೂ ಹೇಳಿದಳು: ತನ್ನ ಆಫೀಸಿನಲ್ಲಿ ಎರಡು ಸ್ಪೇಸಿನವರು, ನಾಲ್ಕು ಸ್ಪೇಸಿನವರು, ಟ್ಯಾಬ್ ಒತ್ತೋರು ಅಂತ ಪಂಗಡಗಳೇ ಇವೆ. ಬೇರೆ ಭಾಷೆಗಳಲ್ಲಿ ಬ್ರಾಕೆಟ್ಟು ಅದೇ ಸಾಲಲ್ಲಿರಬೇಕೋ ಕೆಳಗಿನ ಸಾಲಿಗಿಳಿಯಬೇಕೋ ಅಂತ ಕಿತ್ತಾಡಿ ಮಾತು ಬಿಟ್ಟೋರೂ ಉಂಟಂತೆ. "ಹುಳಿಗೆ ಬೆಲ್ಲ ಹಾಕೋದಕ್ಕೆ ನಮ್ಮ ಅತ್ತೇರೂ ನಾನೂ ಮಾತು ಬಿಟ್ಟಿದ್ವಲ್ಲ, ಹಾಗೆ," ಅಂದಳು ಚೂಡಾಮಣಿ.

ತಿಳಿದದ್ದೇನೋ ಸರಿ, ಹೆಬ್ಬೆರಳಿಗೆ ತಿಳಿಯಬೇಕಲ್ಲ! ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಕಲಿತ ಗುಣದ್ದು ಅದಕ್ಕಿಂತ ಕಷ್ಟ. ಕೊನೆಗೆ ನೆನಪಿಗೆ ಅಂತ ಹೆಬ್ಬೆರಳ ಉಗುರಿನ ಮೇಲೆ ಬ್ಯಾಂಡೇಜು ಅಂಟಿಸಿಕೊಂಡಳು. ಎಂಟರ್ ಆದ ಕೂಡಲೆ ಹೆಬ್ಬೆರಳು ಎತ್ತಿಕೊಂಡೇ ಇರಬೇಕು. ಅಡಿಗೆಮನೆ ಕಟ್ಟೆಯ ಮೇಲೆ, ಬಸ್ಸಿನಲ್ಲಿ ಕೈಚೀಲದ ಮೇಲೆ, ಅದೇ ಅಭ್ಯಾಸ. ಹೆಬ್ಬೆರಳು ಸುಮ್ಮನಾಯ್ತು, ಪ್ರೋಗ್ರಾಮುಗಳು ಓಡಿದವು. ಆಕೆಗೆ ಒಳಗೊಳಗೇ ಬೇಜಾರೂ ಆಯ್ತು. ಮೇಷ್ಟರು ಕೊಟ್ಟದ್ದರಲ್ಲಿ ಉಳಿದಿದ್ದದ್ದೇ ಇಷ್ಟು, ಅದನ್ನೂ ಬಿಡಿಸಿಕೊಂಡೆನಲ್ಲ ಅಂತ.

ಪರೀಕ್ಷೆ ನಡೆದದ್ದು ಜಯನಗರದ ಒಂದು ತರಬೇತಿ ಕೇಂದ್ರದಲ್ಲಿ. ಚೂಡಾಮಣಿ ಪ್ರಶ್ನೆ ಓದಿ, ಉತ್ತರವನ್ನ ಮೊದಲು ಕೊಟ್ಟ ಹಾಳೆಯಲ್ಲಿ ಬರೆದುಕೊಂಡು, ಕಣ್ಣು ಅದರ ಮೇಲಿಟ್ಟು ಟೈಪ್ ಮಾಡಿದಳು. ಪ್ರತಿ ಎಂಟರಿಗೂ ಬ್ಯಾಂಡೇಜಿನ ಹೆಬ್ಬೆರಳು ಎತ್ತಿದಳು. ಓಡಿಸಿದರೆ ಕೆಂಪು ಅಕ್ಷರ. ತಲೆಯೆತ್ತಿ ನೋಡಿದಳು. ಸಾಲುಗಳೆಲ್ಲ ಎಡಗೋಡೆಗೆ ಅಂಟಿಕೊಂಡು ನಿಂತಿವೆ, ಒಂದೂ ಒಳಗೆ ಹೋಗಿಲ್ಲ.

ಮೇಲ್ವಿಚಾರಕ ಪ್ರಮೋದ್ ಅಲ್ಲೇ ಓಡಾಡ್ತಿದ್ದರು.

"ಸಾರ್, ಇದು ತಾನಾಗಿ ಒಳಗೆ ಹೋಗಲ್ವಾ?"

"ಇಲ್ಲಿ ಅದನ್ನ ಆಫ್ ಮಾಡಿದೀವಿ ಮೇಡಂ. ಪರೀಕ್ಷೆ ಅಲ್ವಾ, ನೀವೇ ಹಾಕ್ಕೋಬೇಕು."

ಚೂಡಾಮಣಿ ಬ್ಯಾಂಡೇಜು ಕಿತ್ತಳು, ಬರೆದದ್ದೆಲ್ಲ ಅಳಿಸಿದಳು, ಮೊದಲಿಂದ ಶುರು ಮಾಡಿದಳು. ಕೋಲನ್, ಎಂಟರ್, ಹೆಬ್ಬೆರಳು. ಲೆಕ್ಕ ಹಾಕೋ ಗೋಜೇ ಇಲ್ಲ, ಕೈ ತಾನಾಗಿ ಐದು ಇಟ್ಟಿತು. ಅದರೊಳಗಿನ ಸಾಲಿಗೆ ಹತ್ತು. ಕೀಲಿಮಣೆಯ ಸದ್ದಿಗೆ ಪಕ್ಕದವರು ತಿರುಗಿ ನೋಡಿದರು. ಆಕೆಗೆ ಕೋಡುಬಳೆ ವಾಸನೆ ಬಂದ ಹಾಗಾಯ್ತು, ಕಣ್ಣು ತುಂಬಿತು. ಆದರೂ ಹಾಳೆಯಿಂದ ದೃಷ್ಟಿ ಕದಲಿಸಲಿಲ್ಲ.

ಓಡಿತು.

ಪ್ರಮೋದ್ ಬಂದು ಬಗ್ಗಿ ನೋಡಿದರು. ಬೆರಳಿಟ್ಟು ಎಣಿಸಿದರು.

"ಐದಾ? ಎಲ್ಲರೂ ನಾಲ್ಕು ಹಾಕೋದು ಮೇಡಂ. ಐದನ್ನ ನಾನು ನೋಡೇ ಇಲ್ಲ. ಅಚ್ಚುಕಟ್ಟಿಗೆ ಅಂತ ಇರೋ ಮಾರ್ಕು ಹೋಗುತ್ತೆ. ಟೈಮಿದೆ, ಬದಲಾಯಿಸ್ಕೊಳ್ತೀರಾ?"

"ಆ ಮಾರ್ಕು ಹೋದ್ರೆ ಫೇಲಾಗ್ತೀನಾ ಸಾರ್?"

"ಛೇ, ಅದಕ್ಕೆಲ್ಲ ಫೇಲ್ ಮಾಡಲ್ಲ."

"ಹಾಗಾದ್ರೆ ಹೋಗ್ಲಿ ಬಿಡಿ," ಅಂದಳು ಚೂಡಾಮಣಿ. "ಅದು ನಮ್ಮ ಮೇಷ್ಟರಿಗೆ."

ಆಕೆ ಪಾಸಾದಳು, ಲ್ಯಾಬಿನಲ್ಲೇ ಉಳಿದಳು. ಮೊದಲ ಪೈಥಾನ್ ತರಗತಿಯ ದಿನ ಬೇಗ ಹೋಗಿ, ಎಲ್ಲ ಕಂಪ್ಯೂಟರಿನಲ್ಲೂ ತಾನಾಗಿ ಸರಿಯೋ ಸೆಟ್ಟಿಂಗ್ ಆಫ್ ಮಾಡಿಟ್ಟಳು. ಮಕ್ಕಳಿಗೆ ನಾಲ್ಕು ಸ್ಪೇಸ್ ಅಂತಲೇ ಹೇಳಿಕೊಟ್ಟಳು. ಕಾಲಕ್ಕೆ ತಕ್ಕ ಕೋಲ ಕಟ್ಟಬೇಕಲ್ಲ. ಎಲ್ಲರ ಕೈ ಪಳಗಿದ ಮೇಲೆ ಸೆಟ್ಟಿಂಗ್ ಮತ್ತೆ ಆನ್ ಮಾಡಿಸಿದಳು. ಕೋಲನ್ ಇಟ್ಟು ಎಂಟರ್ ಒತ್ತಿದ ಹುಡುಗಿಯೊಬ್ಬಳು ಕೈ ಹಿಂದಕ್ಕೆಳೆದುಕೊಂಡಳು.

"ಮಿಸ್, ನಾನು ಮುಟ್ಟೇ ಇಲ್ಲ, ತಾನಾಗಿ ಹೋಯ್ತು. ಯಾಕೆ?"

ಚೂಡಾಮಣಿ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು.