ಏಡಿ ಎಣಿಸಿದವರು ಯಾರು

ಈಗ ಸಂಶೋಧನಾ ಲೇಖನ ಕಳಿಸುವಾಗ ಪತ್ರಿಕೆಯವರು ಒಂದು ಫಾರ್ಮ್ ತುಂಬಲು ಹೇಳುತ್ತಾರೆ. ಯೋಚನೆ ಯಾರದು, ಬರೆದವರು ಯಾರು, ಜಾಗಕ್ಕೆ ಹೋಗಿ ಎಣಿಸಿದವರು ಯಾರು. ನನ್ನ ಗಂಡ ಪರಿಸರ ವಿಜ್ಞಾನಿ, ಕಾಲೇಜಿನಿಂದ ನಿವೃತ್ತರು. ಕಳೆದ ವರ್ಷ ಅವರ ಕಣ್ಣಿಗೆ ಆಪರೇಶನ್ ಆಗಿತ್ತು. ಹಾಗಾಗಿ ಮುಂಬಯಿಯ ಸಯನ್ನಿನ ನಮ್ಮ ಮನೆಯಲ್ಲಿ ಊಟದ ಮೇಜಿಗೆ ಕೂತು ಫಾರ್ಮನ್ನು ನಾನೇ ಟೈಪ್ ಮಾಡುತ್ತಿದ್ದೆ. ಎಣಿಸಿದವರು ಯಾರು ಎಂಬಲ್ಲಿ ಅವರು ತಮ್ಮ ಹಳೆಯ ಶಿಷ್ಯನ ಹೆಸರು ಹೇಳಿದರು. ನಾನು ಟೈಪ್ ಮಾಡಿದೆ. ಹೇಳಿದ ಅವರ ಮೇಲೆ ಎಷ್ಟು ಸಿಟ್ಟಿದೆಯೋ, ಟೈಪ್ ಮಾಡಿದ ನನ್ನ ಬೆರಳುಗಳ ಮೇಲೂ ಅಷ್ಟೇ ಇದೆ.

ಏಡಿ ಎಣಿಸುವ ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿಗೆ, ಆ ಶಿಷ್ಯ ಬಂದದ್ದು ನಾಲ್ಕು ಸಲ. ನಾನು ಹೋದದ್ದು ಹದಿನಾಲ್ಕು ವರ್ಷ.

ಮದುವೆಯಾದ ಹೊಸದರಲ್ಲಿ, "ನಿನ್ನದು ಕಾನ್ವೆಂಟ್ ಅಕ್ಷರ, ಚಂದ ಉಂಟು, ಬರ್ಕೊಳ್ಲಿಕ್ಕೆ ಬಾ" ಎಂದಿದ್ದರು. ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಬೊರಿವಲಿ ಲೋಕಲ್ ಹಿಡಿದು, ಅಲ್ಲಿಂದ ರಿಕ್ಷಾದಲ್ಲಿ ಖಾಡಿಗೆ. ಅವರು ದಂಡೆಯ ಮೇಲೆ ನಿಂತು ನೀರಿನ ಉಪ್ಪು ಅಳೆಯುತ್ತಿದ್ದರು. ಕೆಸರಿಗೆ ಇಳಿದರೆ ಅವರಿಗೆ ಮೊಣಕಾಲು ನೋವು. ಹಾಗಾಗಿ ಬರೆದುಕೊಳ್ಳಲು ಬಂದವಳು ಎಣಿಸುವವಳೂ ಆದೆ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಪೈಪಿನ ಚೌಕಟ್ಟು ಇಟ್ಟು, ಬಗ್ಗಿ, ಅದರೊಳಗಿನ ಏಡಿಯ ತೂತುಗಳನ್ನು ಎಣಿಸಬೇಕು. ಮರಳುವಾಗ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ನನ್ನ ಸಲ್ವಾರಿನ ಕೆಸರು ನೋಡಿ ಸರಿದು ಕೂರುತ್ತಿದ್ದರು. ಸೀಟಂತೂ ಸಿಗುತ್ತಿತ್ತು.

ಇವರ ಪ್ರಕಟಣೆಗಳ ಪಟ್ಟಿ ಎಂಟು ಪುಟ. ಅದರಲ್ಲಿ ಏಡಿಯ ಲೇಖನಗಳು ಮೂರು. ಮೂರರ ಕೊನೆಯಲ್ಲೂ 'ತಾಳ್ಮೆಯಿಂದ ಸಹಕರಿಸಿದ ಪತ್ನಿಗೆ' ಕೃತಜ್ಞತೆ ಇದೆ. ಅಡುಗೆ ಮಾಡಿಕೊಂಡು ಮನೆಯಲ್ಲಿ ಕಾದವಳಿಗೂ ಇದೇ ವಾಕ್ಯ ಸಾಕಿತ್ತು.

ಎರಡು ತಿಂಗಳಾದ ಮೇಲೆ ಪತ್ರಿಕೆಯಿಂದ ಉತ್ತರ ಬಂತು. ಲೇಖನ ಓದಿದ ತಜ್ಞರದು ಒಂದೇ ದೊಡ್ಡ ಪ್ರಶ್ನೆ: ಏಡಿ ವಾಸವಿರುವ ತೂತು ಯಾವುದು, ಬಿಟ್ಟುಹೋದ ತೂತು ಯಾವುದು ಎಂದು ಹೇಗೆ ಗುರುತಿಸಿದಿರಿ? ಇದಕ್ಕೆ ಉತ್ತರವಿಲ್ಲದಿದ್ದರೆ ಲೇಖನ ಇಲ್ಲ. ಇವರು ಶಿಷ್ಯನಿಗೆ ಫೋನ್ ಮಾಡಿದರು. ಅವನು, "ಸರ್, ವೋ ತೋ ಆಂಟಿಗೇ ಗೊತ್ತು" ಎಂದನಂತೆ.

ನಾನು ಬಸಳೆ ಹೆಚ್ಚುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಆ ತೂತಿನದ್ದು ನೀನು ಎಂತ ನೋಡ್ತಿದ್ದದ್ದು?"

"ಎಣಿಸಿದವರನ್ನು ಕೇಳಿ. ಫಾರ್ಮಲ್ಲಿ ಹೆಸರುಂಟಲ್ಲ."

"ಮಾರಾಯ್ತಿ, ಅದು ಹಾಗಲ್ಲ. ಮನೆಯವರ ಹೆಸರು ಹಾಕಿದ್ರೆ ಜನ ನಗಾಡ್ತಾರೆ."

"ಮನೆಯವಳು ಕೆಸರಲ್ಲಿ ಬಗ್ಗಿದಾಗ ಯಾರೂ ನಗಾಡ್ಲಿಲ್ವಾ?"

"ಅವನಿಗೆ ಪ್ರಮೋಶನಿಗೆ ಬೇಕಿತ್ತು. ನಿನಗೆ ಎಂತಕ್ಕೆ?"

ಇಷ್ಟು ವರ್ಷಗಳಲ್ಲಿ ನಾನು ಅವರೆದುರು ದನಿ ಏರಿಸಿದವಳಲ್ಲ. ಅವತ್ತೂ ಏರಿಸಲಿಲ್ಲ. "ನನಗೆ ಎಂತಕ್ಕೆ ಅಂತ ನೀವು ಗೊತ್ತುಮಾಡಿಕೊಳ್ಳುವವರೆಗೆ ಆ ಉತ್ತರ ನನ್ನ ಹತ್ತಿರ ಇರ್ಲಿ" ಎಂದೆ.

ಪತ್ರಿಕೆಗೆ ಉತ್ತರ ಕಳಿಸಲು ಇನ್ನು ಆರು ದಿನ ಇದ್ದುವು. ಊಟ ಬಡಿಸಿದೆ, ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧ ಬಿಟ್ಟೆ, ಏಡಿಯ ಮಾತು ಮಾತ್ರ ಎತ್ತಲಿಲ್ಲ. ಆರನೆಯ ದಿನ ಅವರು ಪೇಪರಿನಿಂದ ತಲೆ ಎತ್ತದೆ, "ಹಾಕು, ನಿನ್ನದೇ ಹಾಕು" ಎಂದರು.

ಶಿಷ್ಯನ ಹೆಸರು ಅಳಿಸಿ, ಎಣಿಸಿದವರು ಎಂಬಲ್ಲಿ ನನ್ನ ಹೆಸರು ಹಾಕಿದೆ. ಲೇಖಕರ ಸಾಲಿನಲ್ಲೂ ಸೇರಿಸಿದೆ. ಆಮೇಲೆ ಉತ್ತರ ಬರೆದೆ: ಏಡಿ ಇರುವ ತೂತಿನ ಅಂಚು ಹಸಿಯಾಗಿರುತ್ತದೆ, ಸುತ್ತ ಸಾಬಕ್ಕಿಯಷ್ಟು ಕೆಸರಿನ ಉಂಡೆಗಳಿರುತ್ತವೆ, ಬಿಟ್ಟುಹೋದ ತೂತಿನ ಅಂಚು ಕುಸಿದು ಹಸಿರು ಪಾಚಿ ಕಟ್ಟಿರುತ್ತದೆ. ಒಂದೂವರೆ ಪುಟವಾಯಿತು.

ಲೇಖನ ಪ್ರಕಟವಾದ ದಿನ ಶಿಷ್ಯನ ಫೋನ್.

"ಆಂಟಿ, ಕಂಗ್ರಾಟ್ಸ್. ಸರ್ ಎಷ್ಟು ಒಳ್ಳೆಯವರು ನೋಡಿ, ನಿಮ್ಮ ಹೆಸರೂ ಹಾಕಿದ್ರು."

"ಹಾಕಿದ್ದು ಅವರಲ್ಲ, ನಾನು."

ತಮಾಷೆ ಎಂದುಕೊಂಡು ಅವನು ನಕ್ಕ.

"ನಗಬೇಡ. ಲೇಖಕರ ಸಾಲಲ್ಲಿ ನಿನ್ನ ಹೆಸರು ಇನ್ನೂ ಉಂಟಲ್ಲ, ಅದನ್ನು ತೆಗೆಯದೆ ಬಿಟ್ಟದ್ದೂ ನಾನೇ."

ಸೋಫಾದಲ್ಲಿ ಕೂತಿದ್ದ ಇವರು ಫೋನಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.