ಹನ್ನೊಂದು ಕ್ರೋನಾದ ಚೀಟಿ

ಸ್ವೀಡನ್ನಿಗೆ ಬಂದ ಹೊಸತರಲ್ಲಿ ಊರಿಗೊಂದು ಕಾಗದ ಹಾಕೋಣವೆಂದು ಅಂಚೆ ಕಚೇರಿ ಹುಡುಕಿಕೊಂಡು ಹೊರಟರೆ, ದಾರಿಯಲ್ಲಿ ಸಿಕ್ಕವರು ನನ್ನನ್ನು ದಿನಸಿ ಅಂಗಡಿಗೆ ಕಳಿಸಿದರು. ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗಿಲ್ಲ ಅಂದುಕೊಂಡು ಇನ್ನೊಬ್ಬರನ್ನು ಕೇಳಿದೆ. ಅವರೂ ಅದೇ ಅಂಗಡಿಯನ್ನು ತೋರಿಸಿದರು. ಆಲೂಗಡ್ಡೆಯ ರಾಶಿ, ಸಕ್ಕರೆ ಹಾಕಿ ನೆನೆಸಿದ ಮೀನಿನ ಬಾಟಲಿಗಳು, ನಾಯಿಗಳ ಬಿಸ್ಕತ್ತು, ಇವನ್ನೆಲ್ಲ ದಾಟಿ ಹೋದರೆ ಮೂಲೆಯಲ್ಲಿ ಒಂದು ಸಣ್ಣ ಫಲಕ, ಅದರ ಕೆಳಗೆ ಒಂದು ತಕ್ಕಡಿ. ಅದೇ ಅಂಚೆ. ಅಲ್ಲಿದ್ದ ಹುಡುಗಿ ನನ್ನ ಕಾಗದವನ್ನು ತೂಗಿ, ಅದೇ ಕೈಯಲ್ಲಿ ಹಿಂದಿದ್ದವನಿಗೆ ಲಾಟರಿ ಚೀಟಿ ಕೊಟ್ಟಳು. ಪಾರ್ಸೆಲ್ ಬಂದರೆ ಎಲ್ಲಿ ಅಂತ ಕೇಳಿದ್ದಕ್ಕೆ ಪೆಟ್ರೋಲ್ ಬಂಕಿಗೆ ಹೋಗಬೇಕು ಎಂದಳು. ಇಡೀ ದೇಶದಲ್ಲಿ ಅಂಚೆ ಕಚೇರಿಗಳನ್ನು ಮುಚ್ಚಿ ಅಂಗಡಿಗಳಿಗೆ ವಹಿಸುತ್ತಿದ್ದ ಕಾಲ ಅದು ಎಂದು ಆಮೇಲೆ ತಿಳಿಯಿತು. ಗೋಂದು ಮೆತ್ತಿದ ಮೇಜು, ಧಡ್ ಧಡ್ ಎಂದು ಮುದ್ರೆ ಒತ್ತುವ ಸದ್ದು, ಕಾಣೆಯಾದ ಮನಿ ಆರ್ಡರಿಗಾಗಿ ಜಗಳವಾಡುವ ಜನ, ಇವಿಲ್ಲದ ಅಂಚೆಯನ್ನು ನಾನು ಕಾರ್ಕಳದಲ್ಲಿ ಕಲ್ಪಿಸಿಕೊಂಡವಳೇ ಅಲ್ಲ.

ನಾವಿದ್ದದ್ದು ಸ್ಟಾಕ್‌ಹೋಮಿನ ಹೊರವಲಯದ ಸೊಲ್ಲೆಂಟುನಾದಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ. ನನ್ನ ಗಂಡ ಪ್ರಕಾಶ್ ಬೆಂಗಳೂರಿನವರು. ಹತ್ತಿರದ ಶಿಸ್ತಾದಲ್ಲಿ ಅವರಿಗೆ ಕೆಲಸ. ಚಳಿಗಾಲದಲ್ಲಿ ಕತ್ತಲೆಯಲ್ಲಿ ಹೋಗಿ ಕತ್ತಲೆಯಲ್ಲೇ ಬರುತ್ತಿದ್ದರು. ಊರಲ್ಲಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ಇಲ್ಲಿ ಇಡೀ ದಿನ ಮಾತಿಲ್ಲದೆ ಕೂರುತ್ತಿದ್ದೆ. ವಲಸೆ ಬಂದವರಿಗೆಂದು ಸರ್ಕಾರ ನಡೆಸುವ ಸ್ವೀಡಿಷ್ ತರಗತಿಯಲ್ಲಿ 'ನನ್ನ ಹೆಸರು ವಾಸಂತಿ, ನಾನು ಭಾರತದಿಂದ ಬಂದಿದ್ದೇನೆ' ಎಂದು ಹೇಳಲು ಕಲಿತೆನೇ ಹೊರತು, ಹಾಗೆ ಹೇಳಲು ಒಬ್ಬರೂ ಸಿಗಲಿಲ್ಲ. ನಮ್ಮ ಕಟ್ಟಡದ ಜನ ಮೆಟ್ಟಿಲಲ್ಲಿ ಯಾರೂ ಇಲ್ಲವೆಂದು ಬಾಗಿಲಿನ ಕಿಂಡಿಯಿಂದ ಖಾತ್ರಿ ಮಾಡಿಕೊಂಡೇ ಹೊರಗೆ ಬರುತ್ತಿದ್ದರು. ನಮ್ಮಲ್ಲಾದರೆ ಮೆಟ್ಟಿಲಲ್ಲಿ ಯಾರಾದರೂ ಇದ್ದಾರೆಂದು ಖಾತ್ರಿಯಾದ ಮೇಲೆಯೇ ಹೊರಗೆ ಬರುವುದು. ಒಂಟಿತನ ಅಂದರೆ ಏನೆಂದು ಕೇಳಿದರೆ ನಾನು ದೊಡ್ಡ ಮಾತು ಹೇಳಲಾರೆ. ಫೋನಿನಲ್ಲಿ ತಪ್ಪು ನಂಬರ್ ಬಂದರೂ ಖುಷಿಯಾಗುತ್ತಿತ್ತು, ಅಷ್ಟೇ.

ಹೀಗಿರುವಾಗ ಒಂದು ದಿನ ಸ್ಟಾಕ್‌ಹೋಮಿನ ಹಳೆಯ ಪೇಟೆಯಲ್ಲಿ ಅಲೆಯುತ್ತಾ ಅಂಚೆ ವಸ್ತುಸಂಗ್ರಹಾಲಯಕ್ಕೆ ಹೊಕ್ಕೆ. ಅಂಚೆಯ ಮೇಲಿನ ಪ್ರೀತಿಯಿಂದಲ್ಲ, ಒಳಗೆ ಬೆಚ್ಚಗಿತ್ತು ಎಂದು. ಒಂದು ಕಡೆ ವಯಸ್ಸಾದವರ ಸಾಲು ಕಂಡಿತು. ಸಾಲು ಕಂಡರೆ ಮೊದಲು ನಿಂತುಬಿಟ್ಟು ಆಮೇಲೆ ಏನು ಕೊಡುತ್ತಿದ್ದಾರೆಂದು ವಿಚಾರಿಸುವುದು ನಮ್ಮ ಪದ್ಧತಿಯಲ್ಲವೇ, ನಿಂತೆ. ಸಾಲಿನ ತುದಿಯಲ್ಲಿದ್ದದ್ದು ಒಂದು ಯಂತ್ರ. ಕಾಸು ಹಾಕಿ ಬೇಕಾದ ಬೆಲೆಯನ್ನು ಒತ್ತಿದರೆ, ಚಿತ್ರವಿರುವ ಒಂದು ಅಂಟುಚೀಟಿ ಹೊರಗೆ ಬರುತ್ತದೆ. ಆ ಬೆಲೆ ಅದರ ಮೇಲೆ ನಮ್ಮೆದುರಿಗೇ ಅಚ್ಚಾಗುತ್ತದೆ. ಲಕೋಟೆಗೆ ಅಂಟಿಸಿದರೆ ಅದೇ ಸ್ಟಾಂಪು. ಆಗಾಗ ಹೊಸ ಚಿತ್ರದ ವಿಶೇಷ ಚೀಟಿಗಳನ್ನು ಆ ಯಂತ್ರಕ್ಕೆ ತುಂಬುತ್ತಾರೆ. ಮೊದಲ ದಿನವೇ ಅದನ್ನು ಕೊಂಡು, ಅದೇ ದಿನದ ಮುದ್ರೆ ಒತ್ತಿಸಿಕೊಳ್ಳಲು ಸಂಗ್ರಹ ಮಾಡುವವರು ಬಂದು ಸೇರುತ್ತಾರೆ. ಸಾಲಿನಲ್ಲಿದ್ದ ಅಷ್ಟೂ ಜನರಲ್ಲಿ ಸೀರೆಯ ಮೇಲೆ ಕೋಟು ಹಾಕಿಕೊಂಡವಳು ನಾನೊಬ್ಬಳೇ.

ನನ್ನ ಮುಂದಿದ್ದ ಮುದುಕಿ ತಿರುಗಿ ನೋಡಿ, "ನೀನೂ ಸಂಗ್ರಹ ಮಾಡುತ್ತೀಯಾ?" ಎಂದು ಕೇಳಿದರು. ಹೌದು ಎಂದೆ. ಸಾಲು ಬಿಟ್ಟು ಹೋಗಲು ಮನಸ್ಸಿರಲಿಲ್ಲ.

ಅವರ ಹೆಸರು ಇಂಗ್ರಿಡ್. ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಮನೆ ನಮ್ಮ ಸೊಲ್ಲೆಂಟುನಾದಲ್ಲೇ, ಒಬ್ಬರೇ. ಈ ದೇಶದಲ್ಲಿ ಎಂಬತ್ತು ವರ್ಷದವರನ್ನೂ ಹೆಸರು ಹಿಡಿದು ನೀನು ಎನ್ನಬೇಕು. ಅವರೆದುರು ಹಾಗೇ ಅನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಅವರು ಇಂಗ್ರಿಡಮ್ಮನೇ ಆಗಿದ್ದರು. ನನ್ನ ಸುಳ್ಳು ಅವತ್ತೇ ಬಯಲಾಯಿತು. ಯಂತ್ರದೆದುರು ನಿಂತು ನಾನು ಹನ್ನೊಂದು ಕ್ರೋನಾ ಒತ್ತಿದೆ.

"ಹೊರದೇಶಕ್ಕೆ ಹತ್ತು ಸಾಕು. ಹನ್ನೊಂದರ ದರವೇ ಇಲ್ಲ," ಎಂದರು ಇಂಗ್ರಿಡ್, ಹುಳುಕು ಹಲ್ಲನ್ನು ನೋಡಿದವರಂತೆ.

ಊರಿಗೆ ಹೋಗುವ ಕಾಗದ, ಸೊನ್ನೆಯಲ್ಲಿ ಮುಗಿಯುವುದು ಬೇಡ, ಶುಭಕ್ಕೆ ಒಂದು ಸೇರಿಸುತ್ತೇವೆ ಎಂದು ನನಗೆ ಗೊತ್ತಿದ್ದ ಇಂಗ್ಲಿಷು, ಸ್ವೀಡಿಷು ಎಲ್ಲ ಕಲಸಿ ಹೇಳಿದೆ. ಮದುವೆಮನೆಯಲ್ಲಿ ನೂರರ ಜೊತೆ ಒಂದು ಇಡುವುದನ್ನೂ ಹೇಳಿದೆ. ಅವರು, "ಅಂಚೆ ಇಲಾಖೆಗೆ ಯಾಕೆ ಶುಭ ಹಾರೈಸಬೇಕು?" ಎಂದರು. ಆಮೇಲೆ ಫಿಕಾಗೆ ಕರೆದರು. ಫಿಕಾ ಎಂದರೆ ಕಾಫಿ, ಜೊತೆಗೆ ಏಲಕ್ಕಿ ಹಾಕಿದ ಬನ್ನು. ಏಲಕ್ಕಿಯ ವಾಸನೆಗೆ ನಾನು ಇನ್ನೊಂದು ಬನ್ನು ಕೇಳಿ ತಿಂದೆ.

ಅವತ್ತು ನಮ್ಮ ನಡುವೆ ಒಂದು ಒಪ್ಪಂದವಾಯಿತು. ಇಂಗ್ರಿಡ್‌ಗೆ ಬೇಕಾದದ್ದು ಬರೀ ಚೀಟಿಯಲ್ಲ. ಪ್ರತಿ ಹೊಸ ಚೀಟಿಯೂ ಮೊದಲ ದಿನದ ಮುದ್ರೆಯೊಂದಿಗೆ ಲಕೋಟೆಯ ಮೇಲೆ ದೂರದೇಶಕ್ಕೆ ಹೋಗಿ ಬರಬೇಕು. ಅವರ ಹೊರದೇಶದ ಸ್ನೇಹಿತರೆಲ್ಲ ತೀರಿಕೊಂಡಿದ್ದರು. ಹಾಗಾಗಿ ನಾನು ಊರಿಗೆ ಕಾಗದ ಬರೆಯಬೇಕು, ಊರಿನವರು ಕಾಗದ ಇಟ್ಟುಕೊಂಡು ಲಕೋಟೆಯನ್ನು ವಾಪಸ್ ಕಳಿಸಬೇಕು. "ಖಾಲಿ ಲಕೋಟೆ ಬೇಡ," ಎಂದು ಇಂಗ್ರಿಡ್ ಎಚ್ಚರಿಸಿದರು. "ಒಳಗೆ ಏನೂ ಇಲ್ಲದಿದ್ದರೆ ಅದು ಅಂಚೆಯಲ್ಲ, ಮೋಸ."

ಊರಿನಲ್ಲಿ ನನಗಿದ್ದವರು ದೊಡ್ಡಮ್ಮ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದ್ದು ಅವರೇ. ಕಾರ್ಕಳ ಪೇಟೆಯಲ್ಲಿ ಮಗ ರಘು ಅಣ್ಣನ ಜೆರಾಕ್ಸ್ ಅಂಗಡಿಯ ಹಿಂದೆಯೇ ಮನೆ. ಫೋನು ಇದ್ದದ್ದು ಅಂಗಡಿಯಲ್ಲಿ. ಹಾಗಾಗಿ ನಾನು ಫೋನಿನಲ್ಲಿ ಹೇಳಿದ್ದೆಲ್ಲ ಹಾಲ್‌ಟಿಕೆಟ್ ಜೆರಾಕ್ಸ್ ಮಾಡಿಸಲು ಬಂದವರಿಗೂ ತಿಳಿಯುತ್ತಿತ್ತು. ಕಾಗದದಲ್ಲಿ ಆ ಕಾಟವಿಲ್ಲ. ಮೂರು ನಾಲ್ಕು ಸಲ ಹೀಗೆ ಕಾಗದಗಳು ಹೋದವು, ಲಕೋಟೆಗಳು ಚೊಕ್ಕಟವಾಗಿ ಹಿಂದೆ ಬಂದವು. ಎಲ್ಲದರ ಮೇಲೂ ಹನ್ನೊಂದು ಕ್ರೋನಾ. "ನಿನ್ನ ಅದೃಷ್ಟದ ಒಂದು ಕ್ರೋನಾ" ಎಂದು ಇಂಗ್ರಿಡ್ ತಮಾಷೆ ಮಾಡುತ್ತಿದ್ದರು. ಸ್ವೀಡನ್ನಿನಲ್ಲಿ ನನ್ನನ್ನು ತಮಾಷೆ ಮಾಡುವ ಒಬ್ಬರು ಸಿಕ್ಕಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಮಂಜಿನ ನಡುವೆ ಹೋಗುವ ಅಂಚೆ ದೋಣಿಯ ಚಿತ್ರದ ಚೀಟಿ ಬಂದ ದಿನ ನಾನು ಬರೆದ ಕಾಗದದಲ್ಲಿ ಒಂದು ಸುದ್ದಿಯಿತ್ತು. ನನಗೆ ಮೂರು ತಿಂಗಳು ತುಂಬಿತ್ತು. ಅಂಗಡಿಯ ಫೋನಿನಲ್ಲಿ ಹೇಳುವ ವಿಷಯವಲ್ಲ, ಕಾಗದದಲ್ಲೇ ಬರೆದೆ.

ಕಾಗದ ತಲುಪಿದ ದಿನ ದೊಡ್ಡಮ್ಮನೇ ಫೋನ್ ಮಾಡಿದರು. ಅವರು ಐಎಸ್‌ಡಿ ಮಾಡಿದ್ದು ಅದೇ ಮೊದಲು.

"ಎಂತ ಮಾರಾಯ್ತಿ, ಇಷ್ಟು ದೊಡ್ಡ ಸುದ್ದಿಯನ್ನು ಕಾಗ್ದದಲ್ಲಿ ಕಳಿಸುದಾ? ಲಕೋಟೆಯ ನಾಕು ಮೂಲೆಗೂ ಅರಿಶಿನ ಹಚ್ಚಿ ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. ಇದನ್ನು ಮಾತ್ರ ಆ ಹೆಂಗಸಿಗೆ ಕೊಡುದಿಲ್ಲ ನಾನು, ಹೇಳ್ಬಿಡು. ಬಾಣಂತನ ಆದ ಮೇಲೆ ಬೇಕಾದ್ರೆ ನೋಡುವ. ಹಾಲಿಗೆ ಕೇಸರಿ ಹಾಕಿ ಕುಡಿ. ಸಿಗ್ತದಾ ಅಲ್ಲಿ?"

"ಸಿಗ್ತದೆ ದೊಡ್ಡಮ್ಮ," ಎಂದೆ.

ಆ ಮಾತಾಡುವಾಗ ನಾನು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಕಾಗದ ದಾರಿಯಲ್ಲಿರುವಾಗಲೇ ಮಗು ಹೋಗಿತ್ತು. ಫೋನ್ ತೆಗೆದುಕೊಂಡಾಗ ಹೇಳಬೇಕೆಂದೇ ಇದ್ದೆ. ಅರಿಶಿನ ಎಂದ ಮೇಲೆ ಬಾಯಿ ಬರಲಿಲ್ಲ.

ಪ್ರಕಾಶ್, "ಈಗ್ಲೇ ಹೇಳ್ಬೇಡ ವಾಸು, ಸ್ವಲ್ಪ ಟೈಮ್ ಹೋಗ್ಲಿ. ಅಷ್ಟು ದೂರದಲ್ಲಿ ಕೂತ್ಕೊಂಡು ಅವ್ರಾದ್ರೂ ಏನ್ ಮಾಡೋಕಾಗತ್ತೆ, ಸುಮ್ನೆ ಟೆನ್ಷನ್," ಎಂದರು. ಅವರದೂ ತಪ್ಪಲ್ಲ. ಅವರು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ನನಗೆ ಕೇಳಿಸುತ್ತಿತ್ತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಪ್ರತಿ ಭಾನುವಾರ ದೊಡ್ಡಮ್ಮ, "ಈಗ ಎಷ್ಟಾಯ್ತು? ಹಸಿರು ಬಳೆ ತೆಗೆದಿಟ್ಟಿದ್ದೇನೆ, ಬರುವವರ ಕೈಯಲ್ಲಿ ಕಳಿಸ್ತೇನೆ," ಎನ್ನುತ್ತಿದ್ದರು. ಎಷ್ಟಾಗಿರಬೇಕಿತ್ತೆಂದು ಲೆಕ್ಕ ಹಾಕಿ ಹೇಳುತ್ತಿದ್ದೆ. ಇತ್ತ ಇಂಗ್ರಿಡ್, "ದೋಣಿಯ ಲಕೋಟೆ ಬಂತಾ?" ಎಂದು ಕೇಳುತ್ತಿದ್ದರು. ಅವರ ಆಲ್ಬಮ್ಮಿನಲ್ಲಿ ಅದರ ಜಾಗ ಖಾಲಿ. ಮೊದಲ ದಿನದ ಮುದ್ರೆ ಇನ್ನೊಮ್ಮೆ ಸಿಗುವುದಿಲ್ಲ. ಲಕೋಟೆ ಕೇಳಬೇಕಾದರೆ ದೊಡ್ಡಮ್ಮನಿಗೆ ವಿಷಯ ಹೇಳಬೇಕು. ಹೇಳಿದರೆ ದೇವರ ಕೋಣೆಯಲ್ಲಿ ಕೂತ ಮಗುವನ್ನು ನಾನೇ ಕೈಯಾರೆ ಹೊರಗೆ ಹಾಕಿದಂತೆ. ಹೇಳದಿದ್ದರೆ ಈ ದೇಶದಲ್ಲಿ ನನಗಿರುವ ಒಬ್ಬರೇ ಒಬ್ಬರಿಗೆ ನಾನು ಮಾತು ತಪ್ಪಿದವಳು. ಇಬ್ಬರ ಹತ್ತಿರವೂ ಸುಳ್ಳು ಹೇಳಿಕೊಂಡು, ನಿಜವನ್ನು ನಾನೊಬ್ಬಳೇ ಇಟ್ಟುಕೊಂಡೆ. ಒಂಟಿತನ ನನಗೆ ನಿಜವಾಗಿ ಅರ್ಥವಾದದ್ದು ಆಗ.

ಮುಂದಿನ ಹೊಸ ಚೀಟಿ ಬಂದ ದಿನ ಹೋಗಬಾರದೆಂದುಕೊಂಡೆ. ಇಂಗ್ರಿಡ್ ರೈಲು ನಿಲ್ದಾಣದಲ್ಲಿ ಕಾಯುತ್ತಾರೆಂದು ಹೋದೆ. ಯಂತ್ರದೆದುರು ನಿಂತಾಗ ನನ್ನ ಬೆರಳು ಹತ್ತನ್ನು ಒತ್ತಿತು. ಚೀಟಿ ಹೊರಗೆ ಬಂತು. ಇಂಗ್ರಿಡ್ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇವತ್ತು ಒಂದು ಹೆಚ್ಚು ಇಲ್ಲವಾ?"

ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದಿದ್ದ ಒಂದು ಸ್ವೀಡಿಷ್ ಪದ ನನ್ನ ಬಾಯಿಂದ ಬಂತು. ಮಿಸ್‌ಫಾಲ್. ಗರ್ಭ ನಿಲ್ಲಲಿಲ್ಲ ಎಂದು. ತರಗತಿಯಲ್ಲಿ ಆ ಪದವನ್ನು ಕಲಿಸಿರಲಿಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ಶೂ ನೋಡಿಕೊಳ್ಳತೊಡಗಿದರು. ನಾನು ಅಳುತ್ತಲೇ ದೊಡ್ಡಮ್ಮ, ಅರಿಶಿನ, ದೇವರ ಕೋಣೆ ಎಲ್ಲವನ್ನೂ ಹೇಳಿದೆ. ಅರ್ಧ ಕನ್ನಡದಲ್ಲೇ ಹೇಳಿರಬೇಕು.

ಇಂಗ್ರಿಡ್ ನನ್ನನ್ನು ತಬ್ಬಲಿಲ್ಲ, ಸಮಾಧಾನ ಹೇಳಲಿಲ್ಲ. ಊರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಹೆಂಗಸರು ನನ್ನ ಜೊತೆ ಅತ್ತು, ಇಬ್ಬರು ತಮ್ಮ ಕಥೆ ತೆಗೆದು, ಒಬ್ಬರು ಕಾಫಿ ಬೆರೆಸುತ್ತಿದ್ದರು. ಇವರು ನನ್ನ ಮೊಣಕೈ ಹಿಡಿದು ಬೆಂಚಿಗೆ ಕರೆದೊಯ್ದು ಕೂರಿಸಿದರು. ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ನನ್ನ ಮಡಿಲಲ್ಲಿಟ್ಟರು. "ಅವಳಿಗೆ ಬರೆ. ಈಗಲೇ. ನಾನು ಕಾಯುತ್ತೇನೆ."

"ಇಂಥ ಕಾಗದ ನಿನಗೆ ವಾಪಸ್ ಬರುವುದಿಲ್ಲ," ಎಂದೆ. "ಕೆಟ್ಟ ಸುದ್ದಿಯ ಕಾಗದವನ್ನು ನಮ್ಮಲ್ಲಿ ಓದಿದ ಕೂಡಲೇ ಹರಿದು ಬಿಸಾಡುತ್ತಾರೆ. ಲಕೋಟೆಯನ್ನೂ. ಮನೆಯೊಳಗೆ ಇಡುವುದಿಲ್ಲ."

"ಹರಿಯಲಿ," ಎಂದರು ಇಂಗ್ರಿಡ್. "ಕಾಗದ ಯಾರಿಗೆ ಬರೆದದ್ದೋ ಅವರದು."

ನಾನು ಬರೆದು ಮುಗಿಸುವವರೆಗೆ ಅವರು ಪಕ್ಕದಲ್ಲಿ ಕೂತಿದ್ದರು, ಒಂದೂ ಮಾತಾಡದೆ. ಈ ಜನರ ಮೌನ ನನಗೆ ಯಾವಾಗಲೂ ಮುಚ್ಚಿದ ಬಾಗಿಲಿನಂತೆ ಕಾಣುತ್ತಿತ್ತು. ಅವತ್ತು ಅದರ ಪಕ್ಕ ಕೂತು ಬರೆಯಲು ಸಾಧ್ಯವಾಯಿತು.

ಕಾಗದ ತಲುಪಿದ ಮೇಲೆ ಫೋನು ಬಂತು. ಅಂಗಡಿಯ ಸದ್ದಿರಲಿಲ್ಲ, ರಘು ಅಣ್ಣ ಶಟರ್ ಎಳೆದಿದ್ದನಂತೆ. ದೊಡ್ಡಮ್ಮ, "ಇಷ್ಟು ದಿನ ಒಬ್ಳೇ ಹೊಟ್ಟೆಯಲ್ಲಿ ಇಟ್ಕೊಂಡು ಕೂತದ್ದಾ ಮಗಾ? ನಾನು ಬಳೆ ಬಳೆ ಅಂತ ಹೇಳುವಾಗ ನಿಂಗೆ ಎಷ್ಟು ಸಂಕಟ ಆಗಿರ್ಬೇಕು," ಎಂದರು. ನಾವಿಬ್ಬರೂ ಅತ್ತೆವು. ಐಎಸ್‌ಡಿ ಬಿಲ್ಲು ಏರುತ್ತಿದ್ದದ್ದೂ ತಿಳಿಯಲಿಲ್ಲ.

ಒಂದಷ್ಟು ದಿನಗಳ ಮೇಲೆ ಕಾರ್ಕಳದಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ಎರಡು ಲಕೋಟೆಗಳು. ಒಂದರ ನಾಲ್ಕು ಮೂಲೆಯೂ ಹಳದಿ. ಇನ್ನೊಂದು, ಹತ್ತು ಕ್ರೋನಾದ್ದು, ಹರಿಯದೆ ಇಡಿಯಾಗಿತ್ತು. ಜೊತೆಗೆ ದೊಡ್ಡಮ್ಮನ ಅಕ್ಷರದಲ್ಲಿ ಒಂದು ಚೀಟಿ: 'ಇಂಥದ್ದನ್ನು ನಾವು ಇಡುದಿಲ್ಲ, ನಿಂಗೆ ಗೊತ್ತುಂಟು. ಹರಿಲಿಕ್ಕೆ ಕೂತೆ, ಕೈ ಏಳ್ಲಿಲ್ಲ. ಹಳದಿಯದ್ದನ್ನು ದೇವರ ಹತ್ರ ಇನ್ನು ಇಡ್ಲಿಕ್ಕಾಗುದಿಲ್ಲ, ಬಿಸಾಡ್ಲಿಕ್ಕೂ ಆಗುದಿಲ್ಲ. ಆ ಹೆಂಗಸು ಇಟ್ಕೊಳ್ತಾರಲ್ಲ, ಅವರ ಹತ್ರವೇ ಇರ್ಲಿ.'

ಇಂಗ್ರಿಡ್ ಭೂತಕನ್ನಡಿ ಹಿಡಿದು ಎರಡನ್ನೂ ನೋಡಿದರು. ಕಲೆಯಾದ ಲಕೋಟೆ ಸಂಗ್ರಹಕ್ಕೆ ಸಲ್ಲದು ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಈಗ ಅದನ್ನು ಹೇಳಲಿಲ್ಲ. ಆಲ್ಬಮ್ಮಿನ ಒಂದೇ ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಕೂರಿಸಿ, ಕೆಳಗೆ ಪೆನ್ಸಿಲಿನಲ್ಲಿ ಸೊಲ್ಲೆಂಟುನಾ, ಕಾರ್ಕಳ ಎಂದು ಬರೆದರು.

ಅದಾಗಿ ವರ್ಷಗಳು ಕಳೆದಿವೆ. ಈಗ ನನಗೊಬ್ಬ ಮಗಳಿದ್ದಾಳೆ. ಡಾಗಿಸಿಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷಿನಲ್ಲಿ ಉತ್ತರಿಸುತ್ತಾಳೆ. ಊರಿಗೆ ಹೋದಾಗ ಎಲ್ಲರೂ ಇವಳೇ ಚೊಚ್ಚಲು ಎನ್ನುತ್ತಾರೆ, ದೊಡ್ಡಮ್ಮನೂ ನಾನೂ ಸುಮ್ಮನಿರುತ್ತೇವೆ. ದೊಡ್ಡಮ್ಮನ ದೇವರ ಕೋಣೆಗೆ ನಾನು ಯಾವ ಹೊತ್ತಿಗಾದರೂ ಹೋಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಅಲ್ಲಿ ಈಗ ಏನೂ ಇಲ್ಲ. ಇರುವುದು ಇಲ್ಲಿ, ಇಂಗ್ರಿಡ್ ಅವರ ಕಪಾಟಿನಲ್ಲಿ. ಈ ದೇಶದಲ್ಲಿ ಯಾರ ಮನೆಗೂ ಹೇಳದೆ ಹೋಗುವಂತಿಲ್ಲ. ಆ ಮಗುವಿನ ನೆನಪಾದ ದಿನ ನಾನು ಫೋನ್ ಮಾಡಿ, ಗುರುವಾರ ಬರಲಾ ಎಂದು ಕೇಳುತ್ತೇನೆ.