ಹೂಂ ಅಂದ ತಪ್ಪಿಗೆ

ನನಗೆ ಕಾರು ಓಡಿಸಲು ಬರುವುದು ಹಾಲು ತರುವಷ್ಟು ಮಾತ್ರ. ಹೈವೇ ಹತ್ತಿದರೆ ನಿಧಾನದವರ ಬಲಗಡೆಯ ಲೇನು ಹಿಡಿದು, ಬೈಯುವವರೆಲ್ಲ ಬೈದುಕೊಂಡು ಮುಂದೆ ಹೋಗಲಿ ಎಂದು ಬಿಟ್ಟುಬಿಡುವ ಪೈಕಿ ನಾನು. ಅಂಥವಳು ಎರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ರೇಸ್ ಡ್ರೈವರಿಗೆ ಕಣ್ಣಾಗಿದ್ದೆ ಎಂದರೆ ಮೈಸೂರಿನಲ್ಲಿರುವ ನನ್ನ ಅಕ್ಕ ಈಗಲೂ ನಂಬುವುದಿಲ್ಲ. ನಂಬದಿರುವುದೇ ವಾಸಿ. ನಂಬಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ.

2020ರಲ್ಲಿ ಆಫೀಸುಗಳೆಲ್ಲ ಮನೆಯೊಳಕ್ಕೆ ಬಂದು ಕೂತಾಗ ನಾವು ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಹತ್ತಿರದ ಅಪಾರ್ಟ್‌ಮೆಂಟ್ ಬಿಟ್ಟು, ಎರಡು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಮನೆ ಮಾಡಿದೆವು. ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ಮೊದಲ ವಾರವೇ ಆಕೆ ಮಾಸ್ಕ್ ಹಾಕಿಕೊಂಡು ಬೇಲಿಯ ಆಚೆಯಿಂದ ಒಂದು ಟೊಮೆಟೊ ಸಸಿ ಕೊಟ್ಟರು. ಸಸಿ ನೆಟ್ಟಿದ್ದು ಬೆಳ್ಳಿ ಬಣ್ಣದ ಬಹುಮಾನದ ಕಪ್ಪಿನಲ್ಲಿ. ತರಕಾರಿ ಬೆಳೆಯುವ ಸ್ಪರ್ಧೆಯಲ್ಲಿ ಗೆದ್ದಿರಬೇಕು, ಪಾಪ, ಎಂದುಕೊಂಡೆ. ಅದು ಗಂಡ ರೇಸಿನಲ್ಲಿ ಗೆದ್ದದ್ದು. ಅವರ ಗ್ಯಾರೇಜಿನ ಗೋಡೆಯುದ್ದಕ್ಕೂ ಅಂಥ ಕಪ್ಪುಗಳೇ. ಕೆಲವುಗಳಲ್ಲಿ ನಟ್ಟು ಬೋಲ್ಟು, ಕೆಲವುಗಳಲ್ಲಿ ಸಸಿ.

ಟಿವಿಯಲ್ಲಿ ಬರುವ ದೊಡ್ಡ ರೇಸುಗಳಲ್ಲ ಅವು. ನಾರ್ತ್, ಸೌತ್ ಕ್ಯಾರೊಲೈನಾಗಳ ಸಣ್ಣಪುಟ್ಟ ಊರುಗಳಲ್ಲಿ, ಒಂದು ಸುತ್ತಿಗೆ ಅರ್ಧ ಮೈಲಿಯೂ ಇಲ್ಲದ ಟ್ರ್ಯಾಕುಗಳಿವೆ. ಇಪ್ಪತ್ತು ಕಾರುಗಳು ಒಂದಕ್ಕೊಂದು ಉಜ್ಜಿಕೊಂಡು ಎಡಕ್ಕೇ ತಿರುಗುತ್ತ ಹೋಗುತ್ತವೆ. ಎಲ್ಲವೂ ಅಪ್ರದಕ್ಷಿಣೆ. ನಮ್ಮಲ್ಲಿ ಅಪ್ರದಕ್ಷಿಣೆ ಬರುವುದು ಯಾವ ಹೊತ್ತಿನಲ್ಲಿ ಎಂದು ನನಗೆ ಗೊತ್ತಿತ್ತು.

ಆ ಯಜಮಾನರು (ನಾನು ಮನಸ್ಸಿನಲ್ಲಿ ಅವರಿಗಿಟ್ಟ ಹೆಸರು ಅದು) ಹದಿನಾರನೇ ವಯಸ್ಸಿನಲ್ಲಿ ಗುಜರಿ ಕಾರೊಂದನ್ನು ಬಡಿದು ತಟ್ಟಿ ಶುರುಮಾಡಿದವರು. ವಾರವೆಲ್ಲ ಊರವರ ಕಾರುಗಳ ಬ್ರೇಕು ರಿಪೇರಿ, ಶುಕ್ರವಾರ ಒಂದು ಟ್ರ್ಯಾಕು, ಶನಿವಾರ ಇನ್ನೊಂದು, ಭಾನುವಾರ ಮತ್ತೊಂದು. ಎಷ್ಟು ಗೆದ್ದರೆಂದು ಅವರಿಗೇ ಲೆಕ್ಕ ತಪ್ಪಿತ್ತು. ಒಮ್ಮೆ ದೊಡ್ಡ ರೇಸಿನವರು ಕರೆದರಂತೆ. ಮೂರು ಸಲ ಓಡಿಸಿ ವಾಪಸ್ ಬಂದರು. "ಅಲ್ಲಿ ಪಕ್ಕದ ಕಾರಿನವನ ಮುಖಾನೇ ಕಾಣಲ್ಲ. ಯಾರನ್ನ ಸೋಲಿಸಿದೆ ಅಂತ ಗೊತ್ತಾಗೋದು ಹೇಗೆ?" ಎನ್ನುತ್ತಿದ್ದರು. ಇದನ್ನು ಹೇಳುವಾಗ ನಗುತ್ತಿದ್ದರು.

ಈ ಕಾರುಗಳಲ್ಲಿ ಡ್ರೈವರು ಕತ್ತು ತಿರುಗಿಸುವ ಹಾಗಿಲ್ಲ. ಸೀಟು ತಲೆಯನ್ನು ಎರಡೂ ಕಡೆಯಿಂದ ಹಿಡಿದಿರುತ್ತದೆ. ಹಾಗಾಗಿ ಗ್ಯಾಲರಿಯ ತುದಿಯಲ್ಲಿ ನಿಂತು ಯಾರಾದರೂ ರೇಡಿಯೊದಲ್ಲಿ ಹೇಳಬೇಕು: ಒಳಗಡೆ ಕಾರಿದೆ, ಹೊರಗಡೆ ಕಾರಿದೆ, ಇನ್ನೂ ಇದೆ, ಕ್ಲಿಯರ್. 'ಕ್ಲಿಯರ್' ಎಂದರೆ ಮಾತ್ರ ಪಕ್ಕಕ್ಕೆ ಸರಿಯಬಹುದು. ಮೂವತ್ತು ವರ್ಷ ಈ ನಾಲ್ಕು ಮಾತು ಹೇಳಿದವರು ಅವರ ಹೆಂಡತಿ.

ಆ ಮೊದಲ ಬೇಸಿಗೆಯಲ್ಲೇ ಆಕೆ ಬೇಲಿಯ ಹತ್ತಿರ ನನಗೊಂದು ಮಾತು ಹೇಳಿದರು. ನಾನು ಸುಮ್ಮನೆ ಉಪಚಾರಕ್ಕೆ, "ಎಷ್ಟೊಂದು ರೇಸ್ ನೋಡಿದೀರಲ್ಲ," ಎಂದಿದ್ದೆ.

"ನಾನು ಒಂದು ರೇಸೂ ನೋಡಿಲ್ಲ," ಎಂದರು ಆಕೆ. "ಅವನ ಕಾರಿನ ಅಕ್ಕಪಕ್ಕ ನೋಡಿದೀನಿ, ಅಷ್ಟೇ. ಪ್ರತಿ ಶನಿವಾರ ಅವನನ್ನ ಮನಸ್ಸಲ್ಲೇ ಒಂದ್ಸಲ ಮಣ್ಣು ಮಾಡಿದೀನಿ. ಅವನಿಗೆ ಹೇಳ್ಬೇಡ."

ಮುಂದಿನ ಜನವರಿಯಲ್ಲಿ ಆಕೆಯೇ ಹೋದರು, ಅದೇ ಹಾಳು ಕೋವಿಡ್ ಕಾಯಿಲೆಗೆ. ಕೊನೆಗೆ ಮುಖ ನೋಡಲೂ ಯಜಮಾನರನ್ನು ಆಸ್ಪತ್ರೆಯ ಒಳಗೆ ಬಿಡಲಿಲ್ಲ. ಮೂರು ತಿಂಗಳು ಅವರು ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕಪ್ಪುಗಳಲ್ಲಿ ಮಣ್ಣು ಒಣಗಿತು. ಏಪ್ರಿಲ್‌ನಲ್ಲಿ ಒಂದು ದಿನ ಬೇಲಿಯ ಹತ್ತಿರ ಬಂದು, "ಹೆಲ್ಮೆಟ್ ಒಳಗೆ ನಂಗೆ ಗಂಡಸರ ದನಿ ಕೇಳಿಸಲ್ಲ. ನಿನ್ನ ದನಿ ಅವಳ ಥರಾನೇ ಇದೆ, ಗಾಬರಿ ಇಲ್ಲ. ನಾಲ್ಕೇ ಮಾತು. ಬರ್ತೀಯಾ?" ಎಂದು ಕೇಳಿದರು.

"ನಿಂಗ್ಯಾಕೆ ಬೇಕು ಈ ಉಸಾಬರಿ? ಪಾರ್ಕಿಂಗ್ ಲಾಟಲ್ಲಿ ರಿವರ್ಸ್ ತಗೊಳ್ಳೋಕೇ ಹತ್ತು ನಿಮಿಷ ಬೇಕು ನಿಂಗೆ," ಎಂದರು ನನ್ನ ಗಂಡ. ಮಗಳು, "ಅಮ್ಮಾ, ದಟ್ಸ್ ಸೋ ರಾಂಡಮ್. ಬಟ್ ಹೋಗು," ಎಂದಳು. ಹೋದೆ. ನನ್ನ ಕೆಲಸ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಕಣ್ಣು ಚುರುಕು ಎಂಬ ಜಂಬವೂ ಇತ್ತು.

ಟ್ರಕ್ಕಿನ ಹಿಂದೆ ರೇಸ್ ಕಾರು ಕಟ್ಟಿಕೊಂಡು ಎರಡು ಮೂರು ಗಂಟೆ ಪ್ರಯಾಣ. ದಾರಿಯುದ್ದಕ್ಕೂ ಅವರು ಕಥೆ ಹೇಳುತ್ತಿದ್ದರು. ಯಾವ ಟ್ರ್ಯಾಕಿನ ಯಾವ ತಿರುವಿನಲ್ಲಿ ಯಾರು ಗುದ್ದಿದರು, ಯಾರು ಮೋಸ ಮಾಡಿ ಗೆದ್ದರು. ನಾನು ಹೂಂ, ಹೂಂ ಎನ್ನುತ್ತಿದ್ದೆ. ನಮ್ಮಜ್ಜಿ ಕಲಿಸಿದ ಅಭ್ಯಾಸ. ಕತ್ತಲಲ್ಲಿ ಮಲಗಿಸಿಕೊಂಡು ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಗೋಡೆಗೆ ಹೇಳ್ಲಾ ನಾನು?" ಎಂದು ಕೋಪ ಬೇರೆ. ಹಾಗಾಗಿ ಯಾರೇ ಮಾತಾಡಲಿ, ನನ್ನ ಗಂಟಲು ತಾನಾಗಿ ಹೂಂ ಎನ್ನುತ್ತದೆ. ಅದರಲ್ಲಿ ನನ್ನ ಒಪ್ಪಿಗೆಯೂ ಇಲ್ಲ, ತಕರಾರೂ ಇಲ್ಲ. ಕಿವಿ ತೆರೆದಿದೆ, ಹೇಳಿ, ಅಷ್ಟೇ.

ಆ ಮೊದಲ ವರ್ಷವೇ ಒಂದು ದಿನ ಹಾಗೆ ಹೋಗುವಾಗ, ರಸ್ತೆಯಿಂದ ಕಣ್ಣು ತೆಗೆಯದೆ ಅವರು ಕೇಳಿದರು: "ಇಷ್ಟು ವರ್ಷ ಅಲ್ಲಿ ನಿಂತಿದ್ದು ಅವಳಿಗೆ ಬೇಜಾರಿರ್ಲಿಲ್ಲ. ಅವಳಿಗೂ ಇಷ್ಟಾನೇ ಇತ್ತು, ಅಲ್ವಾ?"

ನಾನು ಹೂಂ ಎಂದೆ.

ಆ ದಿನ ಅವರು ಗೆದ್ದರು. ಹೆಂಡತಿ ಹೋದ ಮೇಲೆ ಮೊದಲ ಗೆಲುವು. ಕಾರಿನಿಂದ ಇಳಿದು ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಮಧ್ಯಾಹ್ನ ಕೊಟ್ಟ ಪುಳಿಯೋಗರೆಯ ಮಹಿಮೆ ಎಂದು ಮನೆಗೆ ಬಂದು ತಮಾಷೆ ಮಾಡಿದೆ.

2023ರ ಬೇಸಿಗೆಯ ಕೊನೆಗೆ, ಸೌತ್ ಕ್ಯಾರೊಲೈನಾದ ಒಂದು ಟ್ರ್ಯಾಕಿನಲ್ಲಿ, ಇನ್ನೂ ಬಿಸಿಲಿರುವಾಗಲೇ ಅದು ನಡೆಯಿತು. ಯಾರದೋ ಕಾರು ಕೆಟ್ಟು ಹಳದಿ ಬಾವುಟ ಬಂದಿತ್ತು. ಎಲ್ಲರೂ ನಿಧಾನ ಸುತ್ತು ಹಾಕುವಾಗ ರೇಡಿಯೊದಲ್ಲೇ ಕಥೆ ಹೇಳುವುದು ಅವರ ರೂಢಿ. ಆವತ್ತೂ ಶುರುಮಾಡಿದರು. ನಾನು ಬಟನ್ ಒತ್ತಿ ಹೂಂ ಹೂಂ ಎನ್ನುತ್ತಿದ್ದೆ. ಅಷ್ಟರಲ್ಲಿ ಮತ್ತೆ ಓಟಕ್ಕೆ ಹಸಿರು ಬಾವುಟ. ಇವರು ಹೊರಗಿನ ಸಾಲಿನಿಂದ ಮುನ್ನುಗ್ಗಿ ಒಳಗಿನ ಕಾರನ್ನು ಮುಕ್ಕಾಲು ಪಾಲು ದಾಟಿದ್ದರು. "ಕ್ಲಿಯರ್?" ಎಂದು ಕೇಳಿದರು. ಇನ್ನೂ ಇದೆ ಎನ್ನಬೇಕಿತ್ತು. ಕಣ್ಣಿಗೆ ಆ ಕಾರಿನ ಮೂತಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಹೆಬ್ಬೆರಳು ಬಟನ್ ಮೇಲೇ ಇತ್ತು, ಗಂಟಲು ಕಣ್ಣಿಗಿಂತ ಮುಂದೆ ಓಡಿತು.

"ಹೂಂ."

ಇಂಗ್ಲಿಷಿನವರ ಕಿವಿಗೆ ಹೂಂ ಎಂದರೆ ಹೌದು. ಅವರು ಒಳಕ್ಕೆ ಸರಿದರು. ಕಾರು ಅಡ್ಡ ತಿರುಗಿತು. ಹಿಂದಿನಿಂದ ಬಂದದ್ದು ಅವರ ಕಡೆಯ ಬಾಗಿಲಿಗೇ ಬಡಿಯಿತು. ನಾನು ಬಟನ್ ಒತ್ತಿಕೊಂಡು ಅಯ್ಯೋ ಅಯ್ಯೋ ಎಂದು ಕನ್ನಡದಲ್ಲಿ ಕಿರುಚುತ್ತಿದ್ದೆನಂತೆ. ಪಕ್ಕದಲ್ಲಿದ್ದವರು ನನ್ನ ಬೆರಳು ಬಿಡಿಸಿದರು.

ಜೀವ ಉಳಿಯಿತು. ಎಡ ಭುಜ ಪುಡಿಯಾಗಿತ್ತು, ಕತ್ತಿನ ಮೂಳೆಗೆ ತಿರುಪು ಹಾಕಿದರು. ಇನ್ನು ರೇಸ್ ಕಾರಿನಲ್ಲಿ ಕೂರುವ ಮಾತೇ ಇಲ್ಲ ಎಂದರು ಡಾಕ್ಟರು. ಟ್ರ್ಯಾಕಿನವರು ವಿಚಾರಿಸಿದಾಗ ಯಜಮಾನರು, "ಅವಳು ಕಾರಿದೆ ಅಂದ್ಲು. ನಾನೇ ಆತುರಪಟ್ಟೆ," ಎಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ತುಟಿ ಪಿಟಕ್ ಎನ್ನಲಿಲ್ಲ. ಐವತ್ತು ವರ್ಷ ಕಾರು ಓಡಿಸಿದ ಮನುಷ್ಯನ ಕೊನೆಯ ಓಟಕ್ಕೆ, ಮುದುಕನಿಗೆ ಲೆಕ್ಕಾಚಾರ ತಪ್ಪಿತು ಎಂಬ ಹೆಸರು ಬಂತು. ಆ ತಪ್ಪು ನನ್ನ ಹೆಸರಿಗೆ ಬರಬೇಕಾಗಿತ್ತು. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಎರಡು ತಿಂಗಳಾದ ಮೇಲೆ ತಡೆಯಲಾಗಲಿಲ್ಲ. ಸಾರು ತೆಗೆದುಕೊಂಡು ಹೋಗಿ, ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲ ಹೇಳಿದೆ. "ನಾನು ಕ್ಲಿಯರ್ ಅಂತ ಹೇಳ್ಲಿಲ್ಲ. ನಮ್ಮ ಭಾಷೇಲಿ ಹೂಂ ಅಂದ್ರೆ ಹೌದು ಅಂತಾನೂ ಆಗತ್ತೆ. ಕೇಳಿಸ್ಕೊತಿದೀನಿ, ಹೇಳಿ ಅಂತಾನೂ ಆಗತ್ತೆ. ನಾನಂದಿದ್ದು ಎರಡನೇದು."

ಬೈಯಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕತ್ತಿನ ಪಟ್ಟಿಯೊಳಗಿಂದ ಕಿಟಕಿಯ ಕಡೆ ನೋಡಿದರು. ಯೋಚಿಸುತ್ತಿದ್ದುದು ಅಪಘಾತದ ಬಗ್ಗೆ ಅಲ್ಲ.

"ಟ್ರಕ್ಕಲ್ಲಿ ಅಂತಿದ್ದ ಹೂಂ?" ಎಂದರು.

"ಅದೂ ಎರಡನೇದೇ."

"ಎಲ್ಲಾನೂ?"

"ಎಲ್ಲಾನೂ."

"ಅವಳ ವಿಷಯ ಕೇಳಿದಾಗ ಅಂದಿದ್ದು?"

ಆಗ ನನಗೆ ಆ ಗೆಲುವು ನೆನಪಾಯಿತು, ತಬ್ಬಿಕೊಂಡು ಅತ್ತದ್ದು ನೆನಪಾಯಿತು. ಎರಡು ವರ್ಷ ಈ ಮನುಷ್ಯ ನನ್ನ ಒಂದು ಹೂಂ ನಂಬಿಕೊಂಡು ಕಾರು ಓಡಿಸಿದ್ದರು. ಕಾರು ಹೇಗೂ ಹೋಗಿತ್ತು. ಇವತ್ತು ನಾನು ಬಂದು ಆ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ. ಪ್ರಾಮಾಣಿಕತೆ ಎಂಬ ನನ್ನ ಚಪಲಕ್ಕೆ ಬೆಂಕಿ ಬೀಳ.

"ಅವಳು ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?" ಎಂದು ಮೆಲ್ಲಗೆ ಕೇಳಿದರು.

ಮಣ್ಣು ಮಾಡುವ ಆ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಸುಳ್ಳಾದರೂ ಹೇಳೋಣವೆಂದು ಹುಡುಕಿದೆ, ಸಿಗಲಿಲ್ಲ. ಗಂಟಲು ಮಾತ್ರ ತನ್ನ ಕೆಲಸ ಮಾಡಿತು.

"ಹೂಂ."

ಅವರು ಇಡೀ ಮೈಯನ್ನೇ ಕುರ್ಚಿಯಲ್ಲಿ ತಿರುಗಿಸಿಕೊಂಡು ನನ್ನ ಮುಖ ನೋಡಿದರು. "ಇದು ಯಾವುದು? ಮೊದಲನೇದಾ, ಎರಡನೇದಾ?"

"ಮೊದಲನೇದು," ಎಂದೆ.

ಏನು ಹೇಳಿದಳು ಎಂದು ಅವರು ಕೇಳಲಿಲ್ಲ.